ಅಧ್ಯಕ್ಷೆಯ ಡೋಂಗಲ್

ನಮ್ಮೂರ ಪಂಚಾಯ್ತಿ ಆಫೀಸಿನ ಗೋಡೆ ಮೇಲೆ ಸದಸ್ಯರ ಹೆಸರು, ಮೊಬೈಲ್ ನಂಬರು ಬರೆಸಿದ್ದಾರೆ. ಹಳದಿ ಬಣ್ಣದ ಮೇಲೆ ನೀಲಿ ಅಕ್ಷರ. ಅರ್ಧದಷ್ಟು ಹೆಸರು ಹೆಂಗಸರದು. ಆ ಹೆಸರುಗಳ ಮುಂದಿರುವ ನಂಬರಿಗೆ ಫೋನ್ ಮಾಡಿ ನೋಡಿ, ಎತ್ತಿಕೊಳ್ಳುವವರೆಲ್ಲ ಗಂಡಸರು. ಇದರಲ್ಲಿ ಗುಟ್ಟೇನೂ ಇಲ್ಲ, ಯಾರಿಗೂ ವಿಚಿತ್ರ ಅನ್ನಿಸುವುದೂ ಇಲ್ಲ. ನಮ್ಮ ಅತ್ತಿಗೆಯ ಹೆಸರಿನ ಮುಂದೆ ಇದ್ದದ್ದು ಅಣ್ಣನ ನಂಬರು. ಟ್ರೂಕಾಲರ್‌ನಲ್ಲಂತೂ ಅಣ್ಣನ ಹೆಸರಿನ ಹಿಂದೆ ಯಾರೋ ಪುಣ್ಯಾತ್ಮರು ‘ಮೆಂಬರ್’ ಅಂತ ಸೇರಿಸಿಬಿಟ್ಟಿದ್ದರು. ಓಟು ಬಿದ್ದದ್ದು ಅತ್ತಿಗೆಗೆ, ಪದವಿ ಹತ್ತಿದ್ದು ಅಣ್ಣನಿಗೆ.

ಇದನ್ನೆಲ್ಲ ಬರೆಯುತ್ತೇನೆ ಅಂದಾಗ ಅತ್ತಿಗೆ ಹಾಕಿದ ಷರತ್ತು ಒಂದೇ. “ಊರ ಹೆಸರು ಹಾಕ್ಬೇಡ ಕಣಮ್ಮ, ಉಳಿದಿದ್ದೇನಾದ್ರೂ ಬರ್ಕೊ.” ಅಣ್ಣನನ್ನು ನಾನು ಕೇಳಲಿಲ್ಲ. ತಿಪಟೂರು ಕಡೆಯ ತೆಂಗಿನ ಸೀಮೆಯ ಒಂದು ಊರು ಅಂದುಕೊಳ್ಳಿ, ಸಾಕು.

ಹೆಂಗಸರಿಗೆ ಪಂಚಾಯ್ತಿಯಲ್ಲಿ ಕುರ್ಚಿ ಸಿಕ್ಕ ವಿಷಯದಲ್ಲಿ ಕರ್ನಾಟಕ ಮುಂದಿತ್ತು. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ತಂದ 1983ರ ಕಾಯ್ದೆಯಲ್ಲೇ ನೂರಕ್ಕೆ 25 ಸ್ಥಾನ ಮಹಿಳೆಯರಿಗೆ ಅಂತ ಇತ್ತು. ಆ ಕಾಯ್ದೆಯ ಪ್ರಕಾರ ಮಂಡಲ ಪಂಚಾಯ್ತಿಗಳಿಗೆ ಚುನಾವಣೆ ನಡೆದದ್ದು 1987ರಲ್ಲಿ. ನಜೀರ್ ಸಾಬರನ್ನು ನಮ್ಮಪ್ಪ ಕೊನೆತನಕ ‘ನೀರ್ ಸಾಬ್’ ಅಂತಲೇ ಕರೆದರು. ಊರ ಮುಂದಿನ ಕೈಪಂಪು ಆ ಕಾಲದ್ದು. ಆ ಮಂಡಲದಲ್ಲಿ ಮೆಂಬರಾಗಿದ್ದ ಹೆಂಗಸೊಬ್ಬರು ಸಭೆಗೆ ಬಂದು ಬಾಗಿಲ ಪಕ್ಕ ಚಾಪೆ ಮೇಲೆ ಕೂತು, ಕಾಫಿ ಕುಡಿದು, ಹೆಬ್ಬೆಟ್ಟು ಒತ್ತಿ ಹೋಗುತ್ತಿದ್ದರಂತೆ. ಅವ್ವ ಇದನ್ನು ಹೇಳುವಾಗ ನಗುತ್ತಾಳೆ, ಆದರೆ ಕೊನೆಗೆ “ಅಲ್ಲಿಗಂಟ ಹೋಗಿದ್ದೇ ದೊಡ್ಡದು” ಅನ್ನುವುದನ್ನು ಮರೆಯುವುದಿಲ್ಲ. ಆಮೇಲೆ ಸಂವಿಧಾನಕ್ಕೆ 73ನೇ ತಿದ್ದುಪಡಿ ಬಂತು, 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಮೂರನೇ ಒಂದು ಪಾಲಾಯಿತು, 2010ರ ತಿದ್ದುಪಡಿಯಲ್ಲಿ ಅರ್ಧಕ್ಕೆ ಏರಿತು. ಲೆಕ್ಕ ಹೀಗೆ ಏರುತ್ತಾ ಹೋದ ಹಾಗೆ, ಹೆಂಡತಿಯ ನಾಮಪತ್ರ ತುಂಬುವ ಗಂಡಂದಿರ ಸಂಖ್ಯೆಯೂ ಏರಿತು.

2020ರ ಡಿಸೆಂಬರಿನ ಚುನಾವಣೆಗೆ ನಿಲ್ಲಬೇಕೆಂದು ಅಣ್ಣ ಎರಡು ವರ್ಷದಿಂದ ನೆಲ ಹದ ಮಾಡಿಕೊಂಡಿದ್ದ. ಸಾವಿಗೆ, ಮದುವೆಗೆ, ಆಸ್ಪತ್ರೆಗೆ ಎಲ್ಲದಕ್ಕೂ ಮುಂದೆ. ನಾನೂರು ಜನಕ್ಕೊಬ್ಬ ಮೆಂಬರು ಅನ್ನುವ ಲೆಕ್ಕದಲ್ಲಿ ಒಂದೊಂದು ಮನೆಯ ಓಟೂ ಮುಖ್ಯ. ಯಾರ ಮನೆಯ ಎಮ್ಮೆಗೆ ಜ್ವರ ಅನ್ನುವುದೂ ಗೊತ್ತಿರಬೇಕಾಗುತ್ತದೆ. ಮೀಸಲು ಪಟ್ಟಿ ಬಂದಾಗ ಕ್ಷೇತ್ರ ‘ಸಾಮಾನ್ಯ ಮಹಿಳೆ’ ಆಗಿತ್ತು. ಅವತ್ತು ರಾತ್ರಿ ಅಣ್ಣ ಊಟ ಮಾಡಲಿಲ್ಲವಂತೆ. ಮಾರನೆಯ ದಿನ ಸ್ಟುಡಿಯೋಗೆ ಅತ್ತಿಗೆಯನ್ನು ಕರೆದುಕೊಂಡು ಹೋಗಿ ಫೋಟೋ ತೆಗೆಸಿದ. ವಾಟ್ಸಾಪಿನಲ್ಲಿ ಹರಿದಾಡಿದ ಪೋಸ್ಟರಿನಲ್ಲಿ ಕೈಮುಗಿದು ನಿಂತ ಅಣ್ಣ ದೊಡ್ಡದಾಗಿ, ಅತ್ತಿಗೆ ಬಲಮೂಲೆಯ ವೃತ್ತದೊಳಗೆ. ಅಭ್ಯರ್ಥಿ ಯಾರು ಎಂದು ಹೊರಗಿನವರು ಕೇಳಿದ್ದರೆ ಆಶ್ಚರ್ಯವಿರಲಿಲ್ಲ. ಗೆದ್ದರು.

ಅಣ್ಣನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋದರೆ ಅನ್ಯಾಯ. ಮೋಟಾರು ಸುಟ್ಟರೆ ರಾತ್ರಿ ಹನ್ನೊಂದಕ್ಕೆ ನೀರುಗಂಟಿಯ ಜೊತೆ ಬ್ಯಾಟರಿ ಹಿಡಿದು ಬೋರ್‌ವೆಲ್ ಹತ್ತಿರ ನಿಲ್ಲುವ ಮನುಷ್ಯ ಅವನು. ಬೀದಿದೀಪ ಹಾಕಿಸಿದ್ದಾನೆ, ಜಾಬ್ ಕಾರ್ಡ್ ಮಾಡಿಸಿದ್ದಾನೆ, ಇ-ಸ್ವತ್ತಿನಲ್ಲಿ ಆಸ್ತಿ ದಾಖಲೆಯ ನಮೂನೆ 9, 11 ಸಿಗದೆ ಬ್ಯಾಂಕಿನ ಸಾಲಕ್ಕೆ ಪರದಾಡುತ್ತಿದ್ದವರ ಪರವಾಗಿ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ ಹತ್ತಿರ ಜಗಳ ಆಡಿದ್ದಾನೆ. ಹೆಂಡತಿಯ ಹೆಸರಿನಲ್ಲಿ ದುಡ್ಡು ಮಾಡಿದ ಅಂತ ಎದುರು ಪಾರ್ಟಿಯವರೂ ಹೇಳಿಲ್ಲ. ಅವನ ತಪ್ಪು ಇಷ್ಟೇ: ಹೆಂಡತಿ ಮೆಂಬರು ಅನ್ನುವುದು ಅವನಿಗೆ ನೆನಪಾಗುತ್ತಿದ್ದದ್ದು ನಡಾವಳಿ ಪುಸ್ತಕಕ್ಕೆ ಸಹಿ ಬೇಕಾದಾಗ ಮಾತ್ರ. ಬಿಲ್ ಕಲೆಕ್ಟರ್ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ಬರುತ್ತಿದ್ದ. ಅತ್ತಿಗೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಸಹಿ ಹಾಕುತ್ತಿದ್ದಳು. ಎಸ್ಸೆಸ್ಸೆಲ್ಸಿ ಪಾಸಾದವಳು. ಹಾಕುವ ಮುಂಚೆ ಓದುತ್ತಿದ್ದಳು ಅನ್ನುವುದು ನಮಗೆ ತಿಳಿದದ್ದು ಬಹಳ ತಡವಾಗಿ.

ಅಧ್ಯಕ್ಷ ಸ್ಥಾನ ಎರಡೂವರೆ ವರ್ಷಕ್ಕೊಮ್ಮೆ ಬದಲಾಗುತ್ತದೆ. 2023ರಲ್ಲಿ ಎರಡನೇ ಅವಧಿಯ ಮೀಸಲಾತಿ ಮತ್ತೆ ಮಹಿಳೆಗೇ ಬಂತು. ಮೆಂಬರುಗಳನ್ನು ಧರ್ಮಸ್ಥಳಕ್ಕೆ ಕರೆದುಕೊಂಡು ಹೋಗುವ ಪದ್ಧತಿ ನಿಮಗೂ ಗೊತ್ತಿರಬಹುದು. ಆಣೆ ಪ್ರಮಾಣ, ಜೊತೆಗೆ ಒಂದು ಟ್ರಿಪ್. ಮಹಿಳಾ ಸದಸ್ಯರ ಬದಲು ಗಂಡಂದಿರೇ ಹೋಗಿ ಮಂಜುನಾಥನ ಮುಂದೆ ಹೆಂಡತಿಯರ ಓಟಿನ ಮೇಲೆ ಆಣೆ ಮಾಡಿ ಬಂದರು. ಅದು ಊರ್ಜಿತವೋ ಅಲ್ಲವೋ ಸ್ವಾಮಿಗೇ ಗೊತ್ತು. ಅಂತೂ ಅತ್ತಿಗೆ ಅಧ್ಯಕ್ಷೆ ಆದಳು. ಆ ಆಗಸ್ಟ್ 30ಕ್ಕೆ ಮೈಸೂರಿನಲ್ಲಿ ಗೃಹಲಕ್ಷ್ಮಿ ಯೋಜನೆಗೆ ಚಾಲನೆ. ಪಂಚಾಯ್ತಿಗಳಲ್ಲಿ ಪರದೆ ಕಟ್ಟಿ ನೇರಪ್ರಸಾರ ತೋರಿಸಿದರಲ್ಲ, ಅದೇ ಅವಳ ಮೊದಲ ಕಾರ್ಯಕ್ರಮ. ದೀಪ ಹಚ್ಚಿದಳು. ತಿಂಗಳಿಗೆ 2000 ರೂಪಾಯಿಯ ಆ ಯೋಜನೆಯಲ್ಲಿ ನಮ್ಮ ಮನೆಯ ಯಜಮಾನಿ ರೇಷನ್ ಕಾರ್ಡಿನ ಪ್ರಕಾರ ಅವ್ವ. ಹಾಗಾಗಿ ದೀಪ ಹಚ್ಚಿದವಳು ಒಬ್ಬಳು, ದುಡ್ಡು ಬಂದದ್ದು ಇನ್ನೊಬ್ಬಳಿಗೆ. ಅವ್ವ ಮೊದಲ ಕಂತಿನಲ್ಲಿ ಸೊಸೆಗೊಂದು ಸೀರೆ ತಂದಳು. ಅದರ ಬಣ್ಣದ ಬಗ್ಗೆ ಇವತ್ತಿಗೂ ಭಿನ್ನಾಭಿಪ್ರಾಯ ಇದೆ.

ಈಗ ಡೋಂಗಲ್ ವಿಷಯಕ್ಕೆ ಬರುತ್ತೇನೆ. ಹಿಂದೆ ಪಂಚಾಯ್ತಿ ದುಡ್ಡು ಹೊರಗೆ ಹೋಗಬೇಕಾದರೆ ಚೆಕ್ಕಿನ ಮೇಲೆ ಇಬ್ಬರ ಸಹಿ ಬೇಕಿತ್ತು, ಅಧ್ಯಕ್ಷರದು ಮತ್ತು ಪಿಡಿಒ ಅವರದು. ಪಾವತಿ ಆನ್‌ಲೈನ್ ಆದಮೇಲೆ ಆ ಎರಡು ಸಹಿಯ ಜಾಗಕ್ಕೆ ಎರಡು ಡಿಜಿಟಲ್ ಸಹಿ ಬಂತು. ಆ ಸಹಿ ಇರುವುದೇ ಡೋಂಗಲ್‌ನಲ್ಲಿ. ನೋಡಲು ಪೆನ್‌ಡ್ರೈವ್ ಥರದ್ದು, ಹೆಬ್ಬೆರಳಿನಷ್ಟು ಉದ್ದ. ಕಂಪ್ಯೂಟರಿಗೆ ಚುಚ್ಚಿ ಪಿನ್ ಒತ್ತಿದರೆ ಅಧ್ಯಕ್ಷರು ಸಹಿ ಹಾಕಿದ ಹಾಗೆ. ಕಾಗದದ ಮೇಲಿನ ಸಹಿಯನ್ನು ಫೋರ್ಜರಿ ಮಾಡಬಹುದು, ಇದನ್ನು ಮಾಡಲಾಗದು ಅನ್ನುವುದು ಅದರ ಹೆಚ್ಚುಗಾರಿಕೆ. ಹೌದು, ಫೋರ್ಜರಿ ಮಾಡಲಾಗದು. ಮಾಡಬೇಕಾದ ಅಗತ್ಯವೇ ಬರುವುದಿಲ್ಲ. ಚೆಕ್ಕಾಗಿದ್ದರೆ ಅತ್ತಿಗೆಯ ಕೈ ಬೇಕಿತ್ತು, ಕೈ ಇದ್ದಲ್ಲಿಗೆ ಚೆಕ್ಕು ಬರಬೇಕಿತ್ತು, ಬಂದಾಗ ಮೊತ್ತ ಅವಳ ಕಣ್ಣಿಗೆ ಬೀಳುತ್ತಿತ್ತು. ಡೋಂಗಲ್‌ಗೆ ಅವಳು ಬೇಕಿಲ್ಲ. ಅದು ಅಣ್ಣನ ಅಂಗಿ ಜೇಬಿನಲ್ಲಿ, ಬೈಕಿನ ಕೀಲಿಯ ಜೊತೆ ಓಡಾಡಿಕೊಂಡಿತ್ತು. ಪಿನ್ ಆಪರೇಟರ್ ಹುಡುಗನಿಗೂ ಗೊತ್ತಿತ್ತು. ಮನುಷ್ಯನ ಗುರುತನ್ನು ಖಾತ್ರಿ ಮಾಡಲೆಂದು ತಂದ ಯಂತ್ರ, ಆ ಮನುಷ್ಯ ಎದುರಿಗಿರಲೇಬೇಕು ಅನ್ನುವ ಹಳೇ ಅಡ್ಡಿಯನ್ನು ತೆಗೆದುಹಾಕಿತು. ಅಧ್ಯಕ್ಷೆಯಾಗಿ ಮೊದಲ ಕೆಲವು ತಿಂಗಳು ಅತ್ತಿಗೆ ಹೆಬ್ಬೆಟ್ಟು ಒತ್ತುತ್ತಿದ್ದ ಆ ಮಂಡಲದ ಹೆಂಗಸಿಗಿಂತ ಹಿಂದಿದ್ದಳು ಅಂತಲೇ ನನ್ನ ಅನಿಸಿಕೆ. ಅವರು ಕಡೇಪಕ್ಷ ಚಾಪೆ ಮೇಲಾದರೂ ಕೂತಿರುತ್ತಿದ್ದರು.

ಪಹಣಿಯನ್ನು ಕಂಪ್ಯೂಟರಿಗೆ ಹಾಕಿದ ಭೂಮಿ ಯೋಜನೆ ಬಂದಾಗಲೂ ಹೀಗೆಯೇ ಆಯಿತು ಅನ್ನಿಸುತ್ತದೆ. ಮದ್ದೂರು ತಾಲ್ಲೂಕಿನಿಂದ ಶುರುವಾಗಿ ಕೈಬರಹದ ಪಹಣಿ ನಿಂತಾಗ, 15 ರೂಪಾಯಿ ಕೊಟ್ಟರೆ ಯಾರ ಹಂಗೂ ಇಲ್ಲದೆ ಪ್ರಿಂಟು ಕೈಗೆ ಅಂತ ಅಪ್ಪ ಕುಣಿದಾಡಿದ್ದರು. ಗ್ರಾಮ ಲೆಕ್ಕಿಗರನ್ನು ಕಾಯುವುದು ತಪ್ಪಿದ್ದು ಸುಳ್ಳಲ್ಲ. ಆದರೆ ಪಹಣಿಯಲ್ಲಿ ಹೆಸರಿನ ಒಂದು ಅಕ್ಷರ ತಪ್ಪಿದಾಗ ಅದನ್ನು ತಿದ್ದಿಸಲು ತಾಲ್ಲೂಕು ಕಚೇರಿಗೆ ಅಲೆದದ್ದೂ ಅಪ್ಪನೇ.

ಅತ್ತಿಗೆಯ ಕಡೆ ಗಾಳಿ ತಿರುಗಿದ್ದು ಯಾವ ತರಬೇತಿ ಶಿಬಿರದಿಂದಲೂ ಅಲ್ಲ. ಗೃಹಲಕ್ಷ್ಮಿ ದುಡ್ಡು ಬಾರದ ಹೆಂಗಸರು ಮನೆ ಬಾಗಿಲಿಗೆ ಬರತೊಡಗಿದರು. ಆಧಾರ್ ಒಂದು ಬ್ಯಾಂಕಿಗೆ ಜೋಡಣೆಯಾಗಿರುತ್ತದೆ, ಪಾಸ್‌ಬುಕ್ ಇನ್ನೊಂದರದು ಇರುತ್ತದೆ. ಇ-ಕೆವೈಸಿ ಆಗಿರುವುದಿಲ್ಲ. ರೇಷನ್ ಕಾರ್ಡಿನಲ್ಲಿ ಯಜಮಾನಿ ತೀರಿಹೋದ ಅತ್ತೆ. ಇದನ್ನೆಲ್ಲ ಅಣ್ಣನಿಗೆ ಹೇಳಲು ಅವರಿಗೆ ಇಷ್ಟವಿರಲಿಲ್ಲ, ಕಾರಣ ಸರಳ: ಅಕೌಂಟಿನಲ್ಲಿ ಎಷ್ಟಿದೆ ಅಂತ ಅಣ್ಣನಿಗೆ ಗೊತ್ತಾದರೆ ಸಂಜೆಗೆ ಅವರ ಗಂಡಂದಿರಿಗೂ ಗೊತ್ತಾಗುತ್ತದೆ. ಅಣ್ಣ ತೋಟಕ್ಕೆ ಹೋದ ಹೊತ್ತು ನೋಡಿ ಬರುತ್ತಿದ್ದರು. ನಡುಮನೆಯಲ್ಲಿ ಕೂರದೆ ನೇರ ಹಿತ್ತಲ ಬಾಗಿಲಿನಿಂದ ಅಡುಗೆಮನೆಗೆ. ಒಂದು ಸಲ ನಾನು ಹೋಗಿದ್ದಾಗ ನೋಡಿದೆ. ಒಲೆ ಮೇಲೆ ಮುದ್ದೆಗೆ ಎಸರು, ನೆಲದ ಮೇಲೆ ನಾಲ್ಕು ಜನ, ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಆಧಾರ್, ಪಾಸ್‌ಬುಕ್, ಗಾಜು ಒಡೆದ ಫೋನು. ಅತ್ತಿಗೆ ಮಗಳ ಹಳೇ ಫೋನಿನಲ್ಲಿ ಒಬ್ಬೊಬ್ಬರದೇ ನೋಡುತ್ತಿದ್ದಾಳೆ. ಅತ್ತೆ ಸೊಸೆ ಇಬ್ಬರೂ ಒಂದೇ ದಿನ ಬೇರೆ ಬೇರೆ ಹೊತ್ತಿಗೆ ಬಂದು, ನಾನು ಬಂದಿದ್ದೆ ಅಂತ ಅವಳಿಗೆ ಹೇಳಬೇಡ ಅಂದು ಹೋದದ್ದೂ ಉಂಟು.

ಆ ಅಡುಗೆಮನೆಯಲ್ಲಿ ಪಂಚಾಯ್ತಿಯ ಬೇರೆ ವಿಷಯಗಳೂ ಬಂದವು. ನರೇಗಾ ಕೂಲಿಗೆ 2023ರಿಂದ ಮೊಬೈಲಿನಲ್ಲೇ ಹಾಜರಿ ಕಡ್ಡಾಯವಾಗಿತ್ತು. ದಿನಕ್ಕೆ ಎರಡು ಸಲ ಕೆಲಸದ ಜಾಗದಲ್ಲಿ ಫೋಟೋ ಹೊಡೆದು ಆ್ಯಪಿಗೆ ಹಾಕಬೇಕಿತ್ತು. ಕೆರೆ ಅಂಗಳದಲ್ಲಿ ನೆಟ್‌ವರ್ಕ್ ಸಿಗದೆ ಕೂಲಿ ಗುಂಪಿನ ಮುಂದಾಳಾದ ಕಾಯಕ ಬಂಧು ಏರಿ ಮೇಲೆ ಫೋನ್ ಎತ್ತಿ ಹಿಡಿದು ಓಡಾಡುತ್ತಿದ್ದಳು, ಮಧ್ಯಾಹ್ನದ ಫೋಟೋ ಹೋಗದಿದ್ದರೆ ಇಡೀ ಗುಂಪಿನ ಅವತ್ತಿನ ಕೂಲಿಯ ಗತಿ ಏನು ಅನ್ನುವ ಭಯ. ಅದರ ಜೊತೆಗೆ ಕೆಳಗಿನ ಕೇರಿಯ ಚರಂಡಿ ಮೂರು ಮನೆ ಮೊದಲೇ ನಿಂತುಹೋಗಿದೆ ಅಂತ ಒಬ್ಬಳು ಹೇಳಿದಳು. ಪೂರ್ತಿ ಅಳತೆಗೆ ಬಿಲ್ ಆಗುತ್ತಿದೆ ಅಂತ ಇನ್ನೊಬ್ಬಳು. ಅತ್ತಿಗೆ ಮಗಳನ್ನು ಕರೆದುಕೊಂಡು ಹೋಗಿ ಚರಂಡಿಯ ಉದ್ದಕ್ಕೂ ನಡೆದು ವೀಡಿಯೋ ಮಾಡಿಕೊಂಡು ಬಂದಳು.

ಮಾರನೇ ದಿನ ಬೆಳಿಗ್ಗೆ ಅಣ್ಣನ ಅಂಗಿ ಒಗೆಯಲು ಹಾಕುವಾಗ ಜೇಬಿನಿಂದ ಡೋಂಗಲ್ ತೆಗೆದು ತನ್ನ ಬೀರು ಕೀಲಿಯ ಗೊಂಚಲಿಗೆ ಹಾಕಿಕೊಂಡಳು. ಮಾತಿಲ್ಲ ಕತೆಯಿಲ್ಲ. ಪಂಚಾಯ್ತಿಗೆ ನಡೆದೇ ಹೋಗಿ ಆಪರೇಟರ್ ಪಕ್ಕ ಕುರ್ಚಿ ಎಳೆದು ಕೂತಳು. ಪಿನ್ ಬದಲಾಯಿಸಿಕೊಡು ಅಂದಳು. ಹುಡುಗ ಗಾಬರಿಯಾಗಿ, “ಪಿನ್ ಮರೆತ್ರೆ ಕಷ್ಟ ಮೇಡಂ, ಮತ್ತೆ ಮತ್ತೆ ತಪ್ಪು ಹಾಕಿದ್ರೆ ಲಾಕ್ ಆಗ್ಬಿಡುತ್ತೆ,” ಅಂದನಂತೆ. “ಹದಿನೆಂಟು ಜನ ನೆಂಟರ ಹುಟ್ಟಿದ ದಿನ ನೆನಪೈತೆ ನಂಗೆ, ಇದೊಂದು ಮರೀತೀನಾ?” ಆಮೇಲೆ ಕಾಮಗಾರಿಯ ಅಳತೆ ಬರೆದಿಡುವ ಎಂಬಿ ಪುಸ್ತಕ ತರಿಸಿ ಚರಂಡಿಯ ಅಳತೆ ತೋರಿಸು ಅಂದಳು. ಅಳತೆಗೂ ವೀಡಿಯೋಗೂ ತಾಳೆಯಾಗಲಿಲ್ಲ. ಬಿಲ್ ಅಲ್ಲೇ ನಿಂತಿತು.

ಆ ವಾರ ಮನೆಯಲ್ಲಿ ನಡೆದದ್ದನ್ನು ಅವ್ವ ದಿನಾ ರಾತ್ರಿ ಫೋನಿನಲ್ಲಿ ಹೇಳುತ್ತಿದ್ದಳು, ಧಾರಾವಾಹಿ ನೋಡುವುದನ್ನೇ ಬಿಟ್ಟಿದ್ದಳು. ಕಂಟ್ರಾಕ್ಟರ್ ಅಣ್ಣನ ಜೊತೆ ಓದಿದವನು. ಅಣ್ಣನಿಗೆ ದುಡ್ಡಿನ ಚಿಂತೆಗಿಂತ ಮುಖದ ಚಿಂತೆ. ಮಾತು ಕೊಟ್ಟಿದ್ದೀನಿ, ಊರಲ್ಲಿ ತಲೆ ಎತ್ತಿ ಓಡಾಡೋದು ಹೆಂಗೆ? ಅತ್ತಿಗೆ ಉತ್ತರ ಕೊಡಲಿಲ್ಲ, ಕೇಳಿದಾಗಲೆಲ್ಲ ಕಾಫಿ ಕೊಟ್ಟಳು. ಒಂದು ದಿನ ಅವಳು ಸ್ನಾನಕ್ಕೆ ಹೋದಾಗ ಅಣ್ಣ ಗೊಂಚಲು ಎತ್ತಿಕೊಂಡು ಪಂಚಾಯ್ತಿಗೆ ಹೋದ. ಹಳೇ ಪಿನ್ ಹಾಕಿದ, ಆಗಲಿಲ್ಲ. ಮದುವೆಯ ತಾರೀಖು ಹಾಕಿದ. ಮಗಳ ಹುಟ್ಟಿದ ದಿನ ಹಾಕಿದ. ಅವಳ ತವರಿನ ಫೋನ್ ನಂಬರಿನ ಕೊನೆಯ ಅಂಕಿಗಳನ್ನೂ ಹಾಕಿದನಂತೆ, ಅದು ನೆನಪಿತ್ತು ಅನ್ನುವುದೇ ನನಗೆ ಆಶ್ಚರ್ಯ. ಡೋಂಗಲ್ ಲಾಕ್ ಆಯಿತು.

ಅದನ್ನು ಬಿಡಿಸಿಕೊಂಡು ಬರುವವರೆಗೆ ಪಂಚಾಯ್ತಿಯ ಒಂದು ಬಿಲ್ಲೂ ಆಗಲಿಲ್ಲ. ನೀರುಗಂಟಿಯ ಸಂಬಳವೂ ಅದರಲ್ಲೇ ಸಿಕ್ಕಿಹಾಕಿಕೊಂಡಿತು. ಜನ ಬಂದು ಕೇಳಿದರೆ ಅಣ್ಣ ಹೇಳಿದ್ದು, “ಸರ್ವರ್ ಡೌನ್.” ಊರಿನವರು ನಂಬಿದರು. ನ್ಯಾಯಬೆಲೆ ಅಂಗಡಿಯಲ್ಲಿ, ನಾಡಕಚೇರಿಯಲ್ಲಿ, ಗ್ರಾಮ ಒನ್ನಿನಲ್ಲಿ ದಿನಾ ಕೇಳುವ ಮಾತು ಅದು. ಸರ್ವರ್ ಡೌನ್ ಅಂದ ಮೇಲೆ ಯಾರ ಹತ್ತಿರ ಜಗಳ ಆಡುವುದು? ಹಳೇ ಸೆಕ್ರೆಟರಿಯನ್ನಾದರೆ ಅಂಗಿ ಹಿಡಿದು ಕೇಳಬಹುದಿತ್ತು. ‘ಸರ್ವರ್ ಡೌನ್’ ಅನ್ನುವ ಮಾತಿನ ಹಿಂದೆ ಎಷ್ಟು ಮನೆಗಳ ಎಷ್ಟು ಜಗಳ ಅಡಗಿ ಕೂತಿವೆಯೋ ಎಂದು ನನಗೆ ಈಗೀಗ ಅನುಮಾನ. ಅತ್ತಿಗೆಯನ್ನು ಕೇಳಿದವರಿಗೆ ಅವಳೂ “ಹೂಂ, ಸರ್ವರ್ ಡೌನ್” ಅಂದಳು. ಗಂಡನ ಮಾನ ಕಾದದ್ದೋ, ಅಣಕಿಸಿದ್ದೋ, ಅವಳ ಮುಖ ನೋಡಿದರೆ ಹೇಳಲಾಗುತ್ತಿರಲಿಲ್ಲ.

ಹೆಣ್ಣುಮಕ್ಕಳ ಹೆಸರಿನಲ್ಲಿ ಗಂಡಂದಿರು ಆಡಳಿತ ನಡೆಸುವುದನ್ನು ತಡೆಯಲು ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ ನೇಮಿಸಿದ್ದ ಸಮಿತಿ ವರದಿ ಕೊಟ್ಟಿದೆ. ಕಠಿಣ ದಂಡದ ಜೊತೆಗೆ ವರ್ಚುವಲ್ ರಿಯಾಲಿಟಿಯಲ್ಲಿ ತರಬೇತಿ, ಸ್ಥಳೀಯ ಭಾಷೆಯಲ್ಲಿ ಎಐ ಸಲಹೆ ಅಂತೆಲ್ಲ ಅದರಲ್ಲಿದೆ. ಅತ್ತಿಗೆಯ ಕಣ್ಣಿಗೆ ವರ್ಚುವಲ್ ರಿಯಾಲಿಟಿಯ ಡಬ್ಬಿ ಕಟ್ಟಿ ಸುಳ್ಳು ಸಭೆಯಲ್ಲಿ ಕೂರಿಸುವುದನ್ನು ನೆನೆಸಿಕೊಂಡರೆ ನಗು ಬರುತ್ತದೆ. ನಿಜವಾದ ಸಭೆ ನಮ್ಮನೆಯಿಂದ ಕೂಗಳತೆಯಲ್ಲೇ ನಡೆಯುತ್ತದೆ. ಗೋಡೆ ಮೇಲಿನ ನಂಬರು ಮಹಿಳಾ ಸದಸ್ಯರದ್ದೇ ಇರಬೇಕು, ಡೋಂಗಲ್ ಅವರ ಕೈಯಲ್ಲೇ ಇರಬೇಕು ಅನ್ನುವುದನ್ನು ನೋಡಿಕೊಂಡರೆ ಅರ್ಧ ಕೆಲಸ ಆಗುತ್ತದೆ. ಅದಕ್ಕೆ ಬೇಕಾದದ್ದು ಒಂದು ಡಬ್ಬಿ ಬಣ್ಣ, ಒಂದು ಕುಂಚ.

ಹಾಗಂತ ಆಮೇಲೆ ಪಂಚಾಯ್ತಿ ಬಂಗಾರವಾಯಿತು ಅಂತ ನಾನು ಹೇಳಲಾರೆ. ಚರಂಡಿ ಕೊನೆಮನೆ ತನಕ ಹೋಯಿತು. ಆದರೆ ಅತ್ತಿಗೆಗೆ ಬೈಕ್ ಬರುವುದಿಲ್ಲ, ರಾತ್ರಿ ಮೋಟಾರು ಸುಟ್ಟರೆ ಈಗಲೂ ಹೋಗುವವನು ಅಣ್ಣನೇ. ಮೊದಲಾದರೆ ತಾನಾಗಿ ಹೋಗುತ್ತಿದ್ದ, ಈಗ ಹೇಳಿಸಿಕೊಂಡು ಹೋಗುತ್ತಾನೆ, ಒಂದಿಷ್ಟು ತಡ ಮಾಡಿ. ತಾಲ್ಲೂಕಿನಲ್ಲಿ ಕೆಲಸ ಆಗಬೇಕಾದರೆ ಗಂಡಸರ ಟೀ ಅಂಗಡಿಯ ಸ್ನೇಹಗಳು ಬೇಕು, ಅದು ಅವಳ ಹತ್ತಿರ ಇಲ್ಲ. ತಾಲ್ಲೂಕು, ಜಿಲ್ಲಾ ಪಂಚಾಯ್ತಿಗಳ ಅವಧಿ 2021ರಲ್ಲೇ ಮುಗಿದು, ಚುನಾವಣೆಯಿಲ್ಲದೆ ಅಧಿಕಾರಿಗಳೇ ನಡೆಸಿಕೊಂಡು ಬಂದಿರುವುದರಿಂದ, ಮೇಲೆ ಹೋಗಿ ದೂರು ಹೇಳೋಣವೆಂದರೆ ಅಲ್ಲಿ ಆರಿಸಿ ಬಂದವರು ಯಾರೂ ಇರಲಿಲ್ಲ. ಬೆಂಗಳೂರಿನಲ್ಲಿರುವ ನನ್ನದೂ ಅದೇ ಪಾಡು. ಇಲ್ಲಿಯ ಪಾಲಿಕೆಯ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ. ಆಮೇಲೆ ಒಂದು ಪಾಲಿಕೆ ಒಡೆದು ಐದಾಯಿತೇ ಹೊರತು ನನ್ನ ವಾರ್ಡಿಗೊಬ್ಬ ಕಾರ್ಪೊರೇಟರ್ ಬರಲಿಲ್ಲ. ಅಣ್ಣನ ಹತ್ತಿರ ಇದನ್ನು ಹೇಳಿಕೊಂಡರೆ, “ನಿಮ್ಮೂರಿಗಿಂತ ನಮ್ಮೂರೇ ವಾಸಿ, ಬೈಯಾಕಾದ್ರೂ ಒಬ್ರು ಅವ್ರೆ,” ಅನ್ನುತ್ತಾನೆ. ಬೈಯುವುದು ಯಾರನ್ನು ಅಂತ ನಾನು ಕೇಳುವುದಿಲ್ಲ.

ಇನ್ನೊಂದು ಎಳೆ ಉಳಿದಿದೆ. ಅವ್ವನ ಆಧಾರಿಗೆ ಜೋಡಿಸಿರುವುದು ನನ್ನ ನಂಬರು. ಪಹಣಿಗೆ ಆಧಾರ್ ಜೋಡಿಸುವಾಗ, ಗ್ಯಾಸಿಗೆ, ಬ್ಯಾಂಕಿಗೆ, ಎಲ್ಲದರ ಒಟಿಪಿ ಬೆಂಗಳೂರಿನಲ್ಲಿ ನನ್ನ ಕೈಯಲ್ಲಿ ಟಿಣ್ ಅನ್ನುತ್ತದೆ. ಮೀಟಿಂಗಿನಲ್ಲಿದ್ದರೆ ಅವ್ವ ತಿಪಟೂರಿನ ಬ್ಯಾಂಕಿನ ಬೆಂಚಿನ ಮೇಲೆ ಕಾಯುತ್ತಾಳೆ. ಅತ್ತಿಗೆ ಒಮ್ಮೆ ಬೆರಳು ತೋರಿಸುತ್ತಾ, “ನಿಮ್ಮಣ್ಣುಂದು ಜೇಬು, ನಿಂದು ಫೋನು,” ಅಂದಳು. ನಾನು ಒಪ್ಪಲಿಲ್ಲ. ಅವ್ವನಿಗೆ ಓದಲು ಬಾರದು, ಒಟಿಪಿ ಹೇಳಿ ಮೋಸ ಹೋದವರ ಸುದ್ದಿ ಪೇಪರಿನಲ್ಲಿ ದಿನಾ ಬರುತ್ತದೆ, ನಂಬರು ನನ್ನ ಹತ್ತಿರ ಇರುವುದೇ ಕ್ಷೇಮ ಅಂತ ವಾದಿಸಿದೆ. ಅಣ್ಣನೂ ಇಂಥದ್ದೇ ಹೇಳುತ್ತಿದ್ದ, ನಿಜ. ಆದರೂ ಎರಡೂ ಒಂದೇ ಅಂತ ನನಗೆ ಈಗಲೂ ಅನ್ನಿಸುವುದಿಲ್ಲ. ಅವ್ವನನ್ನೇ ಕೇಳಿದ್ದಕ್ಕೆ, ತನಗೊಂದು ಸಣ್ಣ ಫೋನು ಕೊಡಿಸಿ ನಂಬರು ಅದಕ್ಕೆ ಹಾಕಿಸು, ಬಂದ ಅಂಕಿಯನ್ನು ಮೊಮ್ಮಗಳ ಹತ್ತಿರ ಓದಿಸಿಕೊಳ್ಳುತ್ತೇನೆ ಅಂದಳು. ಗೃಹಲಕ್ಷ್ಮಿ ದುಡ್ಡಿನಲ್ಲೇ ಕೊಡಿಸಬೇಕಂತೆ. ಮುಂದಿನ ಸಲ ಹೋದಾಗ ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಬೇಕು.

ಈಗ ಮುಂದಿನ ಚುನಾವಣೆಯ ಮಾತು ಶುರುವಾಗಿದೆ. ಮುಂದಿನ ಮೀಸಲಾತಿಯಲ್ಲಿ ನಮ್ಮ ಕ್ಷೇತ್ರ ಸಾಮಾನ್ಯಕ್ಕೆ ಹೋಗುತ್ತದೆ ಅಂತ ಊರಲ್ಲಿ ಲೆಕ್ಕ ಹಾಕುತ್ತಿದ್ದಾರೆ. ಅಣ್ಣ ಈಗಿಂದಲೇ ಮದುವೆ, ತಿಥಿ ಒಂದನ್ನೂ ಬಿಡುತ್ತಿಲ್ಲ. ಸಾಮಾನ್ಯ ಅಂದರೆ ಹೆಂಗಸರೂ ನಿಲ್ಲಬಹುದು ಅನ್ನುವುದನ್ನು ಅತ್ತಿಗೆ ಪಿಡಿಒ ಹತ್ತಿರ ಕೇಳಿ ತಿಳಿದುಕೊಂಡಿದ್ದಾಳೆ. ಮನೆಯಲ್ಲಿ ಇನ್ನೂ ಹೇಳಿಲ್ಲ. ಇದನ್ನು ಓದಿ ಅಣ್ಣನಿಗೆ ಗೊತ್ತಾಗುವುದಾದರೆ ಆಗಲಿ ಅಂತ ಅವಳೇ ಬರೆಯಲು ಹೇಳಿದ್ದಾಳೆ.